ಕಾಡಿಗೆ ಡಬ್ಬಿಯ ಮುಚ್ಚಳ

ನಮ್ಮ ಮನೆಯ ಕಾಡಿಗೆ ಡಬ್ಬಿಯ ಮೇಲಿರುವ ಮುಚ್ಚಳ ಕಾಡಿಗೆ ಡಬ್ಬಿಯದಲ್ಲ. ಡಬ್ಬಿ ಹಿತ್ತಾಳೆಯದು, ಅಗಲ ಬಾಯಿಯದು, ನನ್ನ ಹೆಂಡತಿ ಈರವ್ವ ತವರಿನಿಂದ ತಂದದ್ದು. ಅದರ ಸ್ವಂತ ಮುಚ್ಚಳ ಯಾವ ಕಾಲದಲ್ಲೋ ಕಳೆದು, ಡಬ್ಬಿ ಬಹಳ ವರ್ಷ ಗೋಡೆಯ ಗೂಡಿನಲ್ಲಿ ಬೋಳುತಲೆಯಲ್ಲೇ ಕೂತಿತ್ತು. ಈಗ ಅದಕ್ಕೊಂದು ಕರಿಯ ಪ್ಲಾಸ್ಟಿಕ್ ಮುಚ್ಚಳ ಬಂದು, ಹೇಳಿ ಮಾಡಿಸಿದ ಹಾಗೆ ಕೂತುಬಿಟ್ಟಿದೆ. ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿದೆ. ನಾಲ್ಕನೇ ಇಯತ್ತೆ ಮುಗಿಯುವುದರೊಳಗೆ ಮಗ್ಗದ ಕುಣಿಗೆ ಇಳಿದವನು ನಾನು, ಅದೇನೆಂದು ನನ್ನನ್ನು ಕೇಳಬೇಡಿ. ಆದರೆ ಆ ಮುಚ್ಚಳ ಎಲ್ಲಿಂದ ಬಂತು ಎಂದು ಕೇಳಿದರೆ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ಅದು ವಿಡಿಯೋ ಕ್ಯಾಮರಾದ ಕಣ್ಣಿನ ಮುಚ್ಚಳ.

ಇವತ್ತು ಬೆಳಿಗ್ಗೆ ಮೊಮ್ಮಗಳು ಗೌರಿ ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಮನೆಯೆಲ್ಲ ಓಡಾಡುತ್ತಿದ್ದಳು. ಮೊಮ್ಮಗಳು ಅಂದೆನಲ್ಲ, ಹಾಗಾದರೆ ಅವಳ ವಿಷಯ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಡುನಡುವೆ ಬಂದು ಬರೆಯಲು ಬಿಡುವುದಿಲ್ಲ, ಆ ಕೂಸೂ ಬಿಡುವುದಿಲ್ಲ, ಅದರ ನೆನಪೂ ಬಿಡುವುದಿಲ್ಲ. ಇಳಕಲ್ಲಿನಲ್ಲಿ ಚಂದದ ಮಕ್ಕಳು ಬೇಕಾದಷ್ಟಿವೆ, ನಾನು ಪಕ್ಷಪಾತ ಮಾಡುವವನಲ್ಲ. ಆದರೆ ಲಾಳಿಯ ಸಪ್ಪಳಕ್ಕೆ ಸರಿಯಾಗಿ ತಲೆ ತೂಗುವ ಕೂಸನ್ನು ನೀವೆಲ್ಲಾದರೂ ನೋಡಿದ್ದೀರಾ? ನಮ್ಮ ಗೌರಿ ತೂಗುತ್ತಾಳೆ. ನನ್ನ ಲಾಳಿ ಒಂದು ಕ್ಷಣ ತಡವಾದರೆ ಅವಳ ತಲೆಯೂ ನಿಂತು ನನ್ನನ್ನೇ ನೋಡುತ್ತದೆ. ಈರವ್ವನಿಗೆ ಇದನ್ನು ಹೇಳಿದರೆ, ಕೂಸಿಗೆ ನಿದ್ದೆ ಬಂದು ತೂಕಡಿಸುತ್ತದೆ ಅಷ್ಟೇ ಅನ್ನುತ್ತಾಳೆ. ಅವಳ ಮಾತು ಬಿಡಿ.

ನಮ್ಮ ಮಗಳು ಶಾಂತಾಳನ್ನು ಕೊಟ್ಟದ್ದು ಇಲ್ಲೇ ಹತ್ತಿರದ ಹುನಗುಂದಕ್ಕೆ, ಈಗಲೂ ಕೂಸನ್ನು ಕರೆದುಕೊಂಡು ಆಗಾಗ ಬಂದಿರುತ್ತಾಳೆ. ಮದುವೆಯಾಗಿ ಬಹಳ ವರ್ಷ ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ. ಕಾಣದ ದೇವರಿಲ್ಲ, ಕಟ್ಟದ ಹರಕೆಯಿಲ್ಲ. ಕಡೆಗೆ ನಾವೆಲ್ಲ ಆ ಮಾತು ಆಡುವುದನ್ನೇ ಬಿಟ್ಟ ಮೇಲೆ ಅವಳು ಬಾಣಂತನಕ್ಕೆ ತವರಿಗೆ ಬಂದಳು. ಕೂಸು ಹುಟ್ಟಿದ ಸುದ್ದಿಯನ್ನು ದವಾಖಾನೆಯ ದಾದಿ ಹೊರಗೆ ಬಂದು ಹೇಳಿದಾಗ ನಾನು ಆಕೆಯ ಕಾಲಿಗೆ ಬೀಳಲು ಹೋದೆನಂತೆ. ನನಗೆ ನೆನಪಿಲ್ಲ. ಈರವ್ವನಿಗೆ ನೆನಪಿದೆ, ಓಣಿಗೆಲ್ಲ ಹೇಳಿದ್ದಾಳೆ.

ಹೆಸರಿಡುವುದನ್ನು ಮೂರನೆಯ ತಿಂಗಳಿಗೆ ಇಟ್ಟುಕೊಂಡೆವು. ಆಗಲೇ ನನ್ನ ತಲೆಯಲ್ಲಿ ವಿಡಿಯೋದ ಹುಳ ಹೊಕ್ಕಿತು. ನಾಲ್ಕು ವರ್ಷದ ಹಿಂದೆ, ಎಂಬತ್ತೇಳರಲ್ಲಿ, ನಮ್ಮ ಕಡೆ ವಿಡಿಯೋ ಅಂದರೆ ಉಳ್ಳವರ ಮದುವೆಯ ಮಾತು. ತೊಟ್ಟಿಲ ಕಾರ್ಯಕ್ಕೆ, ಅದೂ ನೇಕಾರರ ಮನೆಯೊಳಗೆ, ಯಾರೂ ಕ್ಯಾಮರಾ ಕರೆಸುತ್ತಿರಲಿಲ್ಲ. ನನಗೆ ಯಾಕೆ ಬೇಕಾಯಿತು ಎಂದರೆ, ಅದಕ್ಕೆ ನನ್ನ ಅವ್ವನ ವಿಷಯ ಹೇಳಬೇಕು.

ನಾನು ಸಣ್ಣವನಿದ್ದಾಗಲೇ ಅವ್ವ ಹೋದಳು. ಅವಳ ಮುಖ ನನಗೆ ನೆನಪಿಲ್ಲ. ಮನೆಯಲ್ಲಿದ್ದದ್ದು ಒಂದೇ ಫೋಟೋ, ಕಾಕಾನ ಮದುವೆಯಲ್ಲಿ ಹೆಂಗಸರ ಸಾಲಿನಲ್ಲಿ ನಿಂತದ್ದು. ಫೋಟೋ ತೆಗೆಯುವಾಗಲೇ ಅವಳು ಯಾರನ್ನೋ ನೋಡಲು ತಲೆ ತಿರುಗಿಸಿದ್ದಾಳೆ. ಮುಖ ಇರಬೇಕಾದ ಕಡೆ ಬರೀ ಹೊಗೆ ಇದೆ. ಕೆಳಗೆ ಸೀರೆ ಮಾತ್ರ ಸ್ಪಷ್ಟ. ಅದು ಕರ್ರಗಿದೆ. ನನಗೆ ನೆನಪಿರುವುದೋ, ಒಂದು ಕೆಂಪು. ಜ್ವರ ಬಂದು ಮಲಗಿದ್ದಾಗ ಮೇಲಿನಿಂದ ಬಗ್ಗಿ ಬರುತ್ತಿದ್ದ ದೊಡ್ಡ ಕೆಂಪು, ಅದರ ತಂಪು, ಅದರ ಗಂಜಿಯ ವಾಸನೆ. ಇಳಕಲ್ ಸೀರೆಯ ಮೈ ಯಾವ ಬಣ್ಣದ್ದಾದರೂ ಇರಲಿ, ಸೆರಗು ಕೆಂಪೇ. ಆ ಕೆಂಪಿನ ಮೇಲೆ ಬಿಳಿಯ ತೆನೆಗಳು. ಫೋಟೋ ನೋಡಿದಾಗಲೆಲ್ಲ ನಾನು ಅಪ್ಪನ ಹತ್ತಿರ ಜಗಳ ತೆಗೆಯುತ್ತಿದ್ದೆ, ಇವಳು ನನ್ನ ಅವ್ವ ಅಲ್ಲ, ನನ್ನ ಅವ್ವ ಕೆಂಪಗಿದ್ದಳು ಎಂದು. ಅಪ್ಪ ಪಾಪ, ಲಾಳಿ ಒಗೆಯುತ್ತ ಕೂತಿರುತ್ತಿದ್ದ.

ನನ್ನ ಮೊಮ್ಮಗಳಿಗೆ ಹಾಗಾಗಬಾರದು. ಅವಳನ್ನು ಎತ್ತಿ ಆಡಿಸಿದವರ ಮುಖವೂ ಅವಳಿಗೆ ಉಳಿಯಬೇಕು, ಕೆಂಪು ಕೆಂಪಾಗಿಯೇ ಉಳಿಯಬೇಕು. ಅದೇ ನನ್ನ ಹಟ.

ಹಟ ಹಿಡಿದವನಿಗೆ ಉಪಾಯವೂ ಗೊತ್ತಿತ್ತು ಎಂದುಕೊಂಡಿದ್ದೆ. ನೂಲಿಗೆ ಬಣ್ಣ ಹಾಕಿಸಿ ತರುವಾಗ ನಾವು ಅಂಗಡಿಯ ಒಳಗೆ ನೋಡಿ ತರುವುದಿಲ್ಲ. ನೂಲಿನ ಲಡಿಯನ್ನು ಹೊಸ್ತಿಲಿಗೆ ತಂದು, ಹಳೆಯ ಸೆರಗಿನ ಮೇಲೆ ಇಟ್ಟು, ಬಿಸಿಲಿನಲ್ಲಿ ಎರಡೂ ಒಂದೇ ಆದರೆ ಮಾತ್ರ ಒಪ್ಪುವುದು. ಕ್ಯಾಮರಾವನ್ನೂ ಹಾಗೆಯೇ ಆರಿಸಬೇಕು ಎಂದು ತೀರ್ಮಾನಿಸಿ, ಈರವ್ವನ ಒಂದು ಸೀರೆಯನ್ನು ಕೈಚೀಲದಲ್ಲಿ ಹಾಕಿಕೊಂಡು ಹೊರಟೆ. ಆ ಸೀರೆ ನಾನು ಅವಳಿಗೆಂದೇ ನೇದದ್ದು. ಅದಕ್ಕೂ ಒಂದು ಕತೆಯಿದೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಹೋದದ್ದು ನಮ್ಮೂರಿನ ಕಲ್ಲಿನ ಸಾಹುಕಾರರ ಮನೆಗೆ. ನಮ್ಮ ಕೆಂಪು ಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ. ಕಲ್ಲು ಕೊಳ್ಳಲು ಬಂದ ಪರದೇಶದವರೊಬ್ಬರು ಅವರಿಗೆ ಒಂದು ಸಣ್ಣ ಕ್ಯಾಮರಾ ಕೊಟ್ಟುಹೋಗಿದ್ದರು. ಸಾಹುಕಾರರು ಭಾಳ ಒಳ್ಳೆಯವರು. ಒಯ್ಯಿರಿ, ಪುಕ್ಕಟೆ ಒಯ್ಯಿರಿ, ನನ್ನ ಮಗನೇ ಬಂದು ಶೂಟಿಂಗ್ ಮಾಡಿಕೊಡುತ್ತಾನೆ ಎಂದರು. ನಾನು ಸೆರಗು ಬಿಚ್ಚಿ ಹಿಡಿದು, ಟಿವಿಯಲ್ಲಿ ತೋರಿಸಿರಿ ಎಂದೆ. ಟಿವಿಯಲ್ಲಿ ನನ್ನ ಕೆಂಪು ಗಜ್ಜರಿಯ ಹಾಗೆ ಬಂತು. ನಾನು ಸೀರೆ ಮಡಚಿ ಕೈಮುಗಿದು ಬಂದೆ.

ಸಂಜೆ ಈರವ್ವ ರೊಟ್ಟಿ ಬಡಿಯುತ್ತ ಅಂದಳು: "ಕುಬಸದ ಬಣ್ಣ ಹೊಂದಲಿಲ್ಲಂತ ಲಗ್ನಾ ಬಿಟ್ಟ ಬಂದವರ ಹಂಗ ಮಾಡಿದ್ರಿ ನೋಡ್ರಿ."

ಎರಡನೆಯದು ಬಾಗಲಕೋಟೆಯ ಒಂದು ಸ್ಟುಡಿಯೋ. ಈ ಸಲ ಈರವ್ವನೂ ಬಂದಳು, ನನ್ನ ಮೇಲೆ ಕಣ್ಣಿಡಲು. ಅಲ್ಲಿ ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಗೋಡೆಯ ತುಂಬ ಮದುಮಕ್ಕಳ ಫೋಟೋ. ಹೆಗಲ ಮೇಲೆ ಹೊರುವ ದೊಡ್ಡ ಕ್ಯಾಮರಾ, ಅದರ ಜೊತೆಗೆ ಬೇರೆ ಚೀಲದಲ್ಲಿ ಟೇಪು ತಿರುಗುವ ಪೆಟ್ಟಿಗೆ, ನಡುವೆ ಹಾವಿನಂಥ ವಾಯರು, ಮೇಲೊಂದು ದೀಪ. ದೀಪ ಹಚ್ಚಿದರೆ ಎದುರಿಗಿದ್ದವರು ಕಳ್ಳರು ಸಿಕ್ಕಿಬಿದ್ದ ಹಾಗೆ ಕಾಣುತ್ತಿದ್ದರು. ಮೂರು ತಿಂಗಳ ಕೂಸಿಗೆ ಈ ದೀಪವೇ ಎಂದು ಈರವ್ವ ಕೇಳಿದ್ದಕ್ಕೆ, ಕೂಸಿಗೆ ರೂಢಿಯಾಗುತ್ತದೆ ಎಂದರು. ನಾನು ಸೆರಗು ಹಿಡಿದೆ. ಅವರ ಟಿವಿಯಲ್ಲಿ ಅದು ನೇರಳೆಹಣ್ಣಾಗಿ ಬಂತು. ಮತ್ತೆ ಮಡಚಿದೆ.

ಬಸ್ಸು ಅಮೀನಗಡದಲ್ಲಿ ನಿಂತಾಗ ಈರವ್ವ ಕಿಟಕಿಯಿಂದ ಕೈಹಾಕಿ ಕರದಂಟು ತೆಗೆದುಕೊಂಡಳು. ಒಂದು ತುಂಡು ನನ್ನ ಕೈಗಿಟ್ಟು, ಬಾಗಲಕೋಟೆಗೆ ಹೋಗಿ ಬಂದದ್ದಕ್ಕೆ ಇದರ ಬಣ್ಣವಾದರೂ ಸರಿ ಇದೆಯೋ ನೋಡಿ ಹೇಳಿರಿ ಎಂದಳು. ಬಸ್ಸಿನಲ್ಲಿದ್ದವರು ನಕ್ಕರು. ನಾನು ಕರದಂಟು ತಿಂದೆ. ಅಗಿಯಲು ಹೊತ್ತು ಹಿಡಿಯುವ ತಿಂಡಿ ಅದು, ಅಷ್ಟು ಹೊತ್ತು ಉತ್ತರ ಕೊಡುವುದು ತಪ್ಪುತ್ತದೆ.

ಅಗಿಯುತ್ತ ಕೂತಾಗಲೇ ನನಗೆ ಬಾದಾಮಿಯ ಹುಸೇನಸಾಬ ನೆನಪಾದದ್ದು.

ಈಗ ಆ ಸೀರೆಯ ಕತೆ. ಶಾಂತಾ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ, ಎಪ್ಪತ್ತರ ನಂತರದ ಯಾವುದೋ ವರ್ಷ. ಗಂಡ ಹೆಂಡತಿ ಮಗಳು ಮೂವರೂ ಬಾದಾಮಿ, ಪಟ್ಟದಕಲ್ಲು ನೋಡಲು ಹೋಗಿದ್ದೆವು. ನೇಕಾರನ ಹೆಂಡತಿ ಒಳ್ಳೆಯ ಸೀರೆ ಉಡುವುದು ಅಪರೂಪ. ನೇದದ್ದೆಲ್ಲ ಅಂಗಡಿಗೆ ಹೋಗುತ್ತದೆ. ಅದಕ್ಕೇ ನಾನು ಅವಳಿಗೆ ಗೊತ್ತಿಲ್ಲದ ಹಾಗೆ, ಅವಳ ಕಣ್ಣೆದುರಿಗೇ, ಅಂಗಡಿಯದು ಎಂದು ಸುಳ್ಳು ಹೇಳುತ್ತ, ಅವಳಿಗೊಂದು ಸೀರೆ ನೇದಿದ್ದೆ. ಅದನ್ನುಟ್ಟು ಅವಳು ಬಾದಾಮಿಯ ಕೆರೆಯ ಮೆಟ್ಟಿಲಿನ ಮೇಲೆ ಕೂತರೆ, ಹಿಂದಿನ ಕೆಂಪು ಗುಡ್ಡ ನಾಚಿಕೊಳ್ಳಬೇಕು. ಅಲ್ಲಿ ಮೂರು ಕಾಲಿನ ಡಬ್ಬಿ ಕ್ಯಾಮರಾ ಇಟ್ಟುಕೊಂಡು, ಕರಿ ಬಟ್ಟೆಯೊಳಗೆ ತಲೆ ಹಾಕಿ ಫೋಟೋ ತೆಗೆಯುತ್ತಿದ್ದವನೇ ಹುಸೇನಸಾಬ. ಒಂದು ಮಂಗ ಅವನ ಕರಿ ಬಟ್ಟೆ ಕಸಿದುಕೊಂಡು ಹೋಗಿ ಗವಿಯ ಮೇಲೆ ಕೂತಿತ್ತು. ಶಾಂತಾಳ ಕೈಯ ಬಾಳೆಹಣ್ಣು ಕೊಟ್ಟು ಬಟ್ಟೆ ಬಿಡಿಸಿಕೊಂಡ ಮೇಲೆ ನಮ್ಮ ಫೋಟೋ ತೆಗೆದ. ಸ್ವಲ್ಪ ಹೊತ್ತಿಗೆ ಬಕೆಟ್ಟಿನ ನೀರಿನಿಂದ ಎತ್ತಿ ಕೊಟ್ಟ. ನಾನು ನೋಡಿದೆ. ಸೀರೆ ಕರ್ರಗಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. ಕರಿ-ಬಿಳಿ ಫೋಟೋ ಎಂದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಆದರೂ ಬೇರೆ ಬಣ್ಣಗಳೆಲ್ಲ ಹಾಳಾಗಲಿ, ಇದೊಂದಾದರೂ ಹೇಗೋ ಕೆಂಪಗೆ ಬರುತ್ತದೆ ಎಂಬ ಆಸೆ ಒಳಗೆಲ್ಲೋ ಇತ್ತು. ನಾನು ನೇದದ್ದು ಕೆಂಪು, ನೀನು ಕೊಟ್ಟದ್ದು ಕರಿಯದು ಎಂದು ಜಗಳ ತೆಗೆದೆ. ಹುಸೇನಸಾಬ ಸಿಟ್ಟಾಗಲಿಲ್ಲ. "ಅಣ್ಣಾರ, ನನ್ನ ಡಬ್ಬಿಗೆ ಕರೇದು ಬಿಳೇದು ಅಷ್ಟ ಗೊತ್ತು. ಕೆಂಪು ನೀವ ನೆನಪ ಇಟ್ಕೋರಿ," ಎಂದ.

ಅವನು ಈಗ ಬಸ್ ನಿಲ್ದಾಣದ ಹತ್ತಿರ ಅಂಗಡಿ ಹಾಕಿ ವಿಡಿಯೋ ಮಾಡುತ್ತಾನೆಂದು ಯಾರೋ ಹೇಳಿದ್ದರು. ಬಾಗಲಕೋಟೆಗೆ ಹೋಗಿಬಂದ ಮುಂದಿನ ವಾರ ಇಬ್ಬರೂ ಬಾದಾಮಿಗೆ ಹೋದೆವು. ಹುಸೇನಸಾಬನ ಗಡ್ಡ ಬೆಳ್ಳಗಾಗಿತ್ತು, ನನಗೆ ಗುರುತೇ ಹತ್ತಲಿಲ್ಲ. ಅವನಿಗೂ ನನ್ನ ಗುರುತು ಹತ್ತಲಿಲ್ಲ. ನಾನು ಕೈಚೀಲದಿಂದ ಸೀರೆ ತೆಗೆದು ಸೆರಗು ಬಿಚ್ಚಿದೆ. ಅವನು ಅದನ್ನು ನೋಡಿದ, ಈರವ್ವನನ್ನು ನೋಡಿದ, ಆಮೇಲೆ ನನ್ನನ್ನು ನೋಡಿ ಕುರ್ಚಿಯಿಂದ ಎದ್ದು ನಿಂತ.

"ಕೂಡ್ರಿ ಅಣ್ಣಾರ. ನನ್ನ ಮ್ಯಾಲ ನಿಮ್ಮದೊಂದು ಕೆಂಪು ಬಾಕಿ ಐತಿ."

ಅಷ್ಟು ವರ್ಷ ಅವನೂ ಅದನ್ನು ಇಟ್ಟುಕೊಂಡಿದ್ದ ನೋಡಿ. ನಾನು ಕೂತೆ. ಚಹಾ ಬಂತು. ಮೊಮ್ಮಗಳ ವಿಷಯ ಹೇಳಿದೆ. ಅವಳ ಮೂಗು, ಅವಳ ಮುಷ್ಟಿ, ಅವಳು ಆಕಳಿಸುವ ರೀತಿ, ಎಲ್ಲ ಹೇಳಿದೆ. ಎರಡನೆಯ ಚಹಾ ಬಂತು. ಕ್ಯಾಮರಾದ ಮಾತು ಎತ್ತುವ ಹೊತ್ತಿಗೆ ಈರವ್ವ ಒಂದು ನಿದ್ದೆ ತೆಗೆದಿದ್ದಳು.

ಹುಸೇನಸಾಬನ ಹತ್ತಿರ ಎರಡು ಕ್ಯಾಮರಾ ಇದ್ದವು. ಒಂದು ಹೊಸದು, ಥಳಥಳ ಹೊಳೆಯುವುದು. ಇನ್ನೊಂದು ಹಳೆಯದು, ದಪ್ಪಗೆ, ಎಮ್ಮೆಯ ಮೋರೆಯದು. ಹೊಸದನ್ನು ಟಿವಿಗೆ ಹಚ್ಚಿ ನನ್ನ ಸೆರಗು ತೋರಿಸಿದ. ಮತ್ತೆ ಗಜ್ಜರಿ. ನಾನು ಸೀರೆ ಮಡಚತೊಡಗಿದೆ. ಅವನು ಟಿವಿಯ ಮಗ್ಗುಲಿನ ಒಂದು ಸಣ್ಣ ತಿರುಗಣಿಯನ್ನು ತಿರುಗಿಸಿದ. ಗಜ್ಜರಿ ಕುಂಕುಮವಾಯಿತು. ಇನ್ನೂ ತಿರುಗಿಸಿದ, ನೇರಳೆಹಣ್ಣಾಯಿತು. ಹಿಂದಕ್ಕೆ ತಂದ, ನನ್ನ ಕೆಂಪು ಬಂದು ನಿಂತಿತು.

ಈರವ್ವ ನಗುತ್ತ ನಗುತ್ತ ನೆಲಕ್ಕೇ ಕೂತುಬಿಟ್ಟಳು. "ಎರಡ ಕ್ಯಾಮರಾದ ಮರ್ಯಾದಿ ಕಳದ ಬಂದ್ರಲ್ಲರಿ. ಪಾಪ, ಅವೇನ ತಪ್ಪ ಮಾಡಿದ್ದುವು? ತಪ್ಪು ಟಿವಿದು."

ನನ್ನ ಕಡೆಯಿಂದ ಹೇಳುವುದಾದರೆ, ನೂಲಿಗೆ ತಿರುಗಣಿ ಇರುವುದಿಲ್ಲ. ಕೆಂಪು ಅಂದರೆ ಕೆಂಪು. ಅದನ್ನು ಬೇಕಾದಂತೆ ತಿರುಗಿಸಬಹುದು ಎಂಬುದು ಐವತ್ತು ದಾಟಿದ ನೇಕಾರನ ತಲೆಗೆ ಹೇಗೆ ಹೊಳೆಯಬೇಕು?

ಆಮೇಲೆ ಹುಸೇನಸಾಬ ಬಣ್ಣದ ಮಾತನ್ನೇ ಬಿಟ್ಟು ಬೇರೆ ಬೇರೆ ಕೇಳತೊಡಗಿದ. ತೊಟ್ಟಿಲು ಎಲ್ಲಿ ಕಟ್ಟುತ್ತೀರಿ, ಮಗ್ಗದ ಕೋಣೆಯಲ್ಲೋ? ಅಲ್ಲಿಗೆ ಕಿಟಕಿ ಎಷ್ಟು? ಒಂದೇ? ಅದೂ ಕುಣಿಯ ಹತ್ತಿರ? ಹಾಗಾದರೆ ಬಣ್ಣ ಆಮೇಲೆ, ಮೊದಲು ಕತ್ತಲೆಯ ಪರೀಕ್ಷೆ ಆಗಲಿ ಎಂದು ಎದ್ದು ಅಂಗಡಿಯ ಬಾಗಿಲು ಮುಂದಕ್ಕೆಳೆದ. ಒಂದೇ ಒಂದು ಬಲ್ಬು ಉಳಿಸಿ, ಈರವ್ವನನ್ನು ಮೂಲೆಯಲ್ಲಿ ಕೂರಿಸಿ, ಹೊಸ ಕ್ಯಾಮರಾದಿಂದ ನೋಡಿದ. ಟಿವಿಯಲ್ಲಿ ಅವಳ ಮುಖದ ತುಂಬ ಇರುವೆ ಹರಿದಾಡಿದ ಹಾಗೆ ಕಂಡಿತು. ಆಮೇಲೆ ಎಮ್ಮೆಯ ಮೋರೆಯದನ್ನು ಹಚ್ಚಿದ. ಅದರ ಗಾಜು ತುಪ್ಪದ ಬಟ್ಟಲಿನಷ್ಟು ಅಗಲವಿತ್ತು. ಅದರಲ್ಲಿ ಈರವ್ವನ ಮೂಗುತಿ ಹೊಳೆಯಿತು, ಹಣೆಯ ಗೆರೆಗಳು ಕಂಡವು, ಅವಳು ನಗು ತಡೆದುಕೊಂಡಿದ್ದೂ ಕಂಡಿತು. ದೊಡ್ಡ ಗಾಜು ಅಂದರೆ ದೊಡ್ಡ ಕಿಟಕಿ ಇದ್ದ ಹಾಗೆ, ಬೆಳಕು ಹೆಚ್ಚು ಒಳಗೆ ಬರುತ್ತದೆ. ದೀಪ ಹಚ್ಚಿ ಕೂಸಿನ ಕಣ್ಣು ಕುಕ್ಕಿಸಬೇಕಾಗಿಲ್ಲ ಎಂದ. ಹೆಗಲ ಮೇಲೆ ಭಾರವಾಗಿ ಕೂತರೆ ಚಿತ್ರ ಅಲುಗಾಡುವುದೂ ಕಡಿಮೆಯಂತೆ. ಹಗುರವಾದದ್ದು ಕೈಯ ಜೊತೆ ನಡುಗುತ್ತದಂತೆ.

ಕಡೆಗೆ ದನಿಯ ಪರೀಕ್ಷೆ. ಏನಾದರೂ ಅನ್ನಿರಿ ಅಕ್ಕಾರ ಎಂದದ್ದಕ್ಕೆ ಈರವ್ವ ಜೋಗುಳದ ಒಂದು ಸಾಲು ಗುನುಗಿದಳು. ಟೇಪನ್ನು ಹಿಂದಕ್ಕೆ ತಿರುಗಿಸಿ ಹಚ್ಚಿದಾಗ ಅವಳ ನಗು ನಿಂತಿತು. ಇದು ನನ್ನ ದನಿಯಲ್ಲ, ನನ್ನ ಅವ್ವನ ದನಿ ಎಂದಳು. ಇನ್ನೊಮ್ಮೆ ಕೇಳಿದಳು. ನಾವು ಬೇರೆ ಕ್ಯಾಮರಾ ನೋಡಲಿಲ್ಲ.

ಹೆಸರಿಡುವ ದಿನ ಹುಸೇನಸಾಬ ಬೆಳಗಿನ ಬಸ್ಸಿಗೇ ಬಂದ. ಮಗ್ಗದ ಕೋಣೆಯಲ್ಲಿ ನಿಂತು ಸುತ್ತ ನೋಡಿ, ಮನೆಯಲ್ಲಿದ್ದ ಬಿಳಿ ಧೋತರಗಳನ್ನೆಲ್ಲ ತರಿಸಿದ. ಕಿಟಕಿಯ ಎದುರಿನ ಗೋಡೆಗೆ ಅವನ್ನು ಸಾಲಾಗಿ ಇಳಿಬಿಟ್ಟ. ಕಿಟಕಿಯ ಬಿಸಿಲು ಧೋತರಕ್ಕೆ ಬಡಿದು ತೊಟ್ಟಿಲಿನ ಮೇಲೆ ಬಿತ್ತು. ನನ್ನ ಧೋತರಗಳು ಜನ್ಮದಲ್ಲಿ ಅಷ್ಟು ಉಪಯೋಗಕ್ಕೆ ಬಂದಿರಲಿಲ್ಲ. ಈರವ್ವ ಅದೇ ಸೀರೆ ಉಟ್ಟಳು. ನಾನು ಮಗ್ಗದ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದೆ; ಯಾರೂ ಕೇಳುತ್ತಿರಲಿಲ್ಲ.

ಹುಸೇನಸಾಬ ಕ್ಯಾಮರಾದ ಮುಚ್ಚಳ ತೆಗೆದು ಗೂಡಿನಲ್ಲಿಟ್ಟು, ಕ್ಯಾಮರಾವನ್ನು ಮಗ್ಗದ ಮೇಲಿರಿಸಿ, ಅವಲಕ್ಕಿ ತಿನ್ನಲು ಕೂತ. ಈರವ್ವ ಕೂಸಿಗೆ ದೃಷ್ಟಿಬೊಟ್ಟು ಇಡುತ್ತಿದ್ದಳು, ಗಲ್ಲಕ್ಕೊಂದು, ಅಂಗಾಲಿಗೊಂದು. ಬೆರಳಿನಲ್ಲಿ ಇನ್ನೂ ಕಾಡಿಗೆ ಉಳಿದಿತ್ತು. ಅವಳು ತಲೆಯೆತ್ತಿ ನೋಡಿದಾಗ ಎದುರಿಗೆ ಆ ದೊಡ್ಡ ಗಾಜಿನ ಕಣ್ಣು ತೊಟ್ಟಿಲನ್ನೇ ನೋಡುತ್ತಿತ್ತು. ಅವಳು ಎದ್ದುಹೋಗಿ, ಉಳಿದ ಕಾಡಿಗೆಯನ್ನು ಗಾಜಿನ ನಡುವೆ ದುಂಡಗೆ ಇಟ್ಟಳು, ದೇವರಿಗೆ ಇಟ್ಟಷ್ಟು ಶ್ರದ್ಧೆಯಿಂದ.

ನಾನು ಕೂಗಿಕೊಂಡೆ. ಅವಳು ತಿರುಗಿಯೂ ನೋಡಲಿಲ್ಲ.

"ಅದು ಕಣ್ಣ ಪಿಳಕಸಂಗಿಲ್ಲರಿ. ಕಣ್ಣ ಪಿಳಕಸದಂಗ ಕೂಸಿನ್ನ ನೋಡಿದ್ರ ದೃಷ್ಟಿ ಆಗದ ಇರತೈತೇನು? ಕಣ್ಣು ಅದರದು, ಬೊಟ್ಟೂ ಅದಕ್ಕ ಇರ್ಲಿ."

ಅವಲಕ್ಕಿಯ ತಟ್ಟೆ ಹಿಡಿದುಕೊಂಡೇ ಹುಸೇನಸಾಬ ಎದ್ದು ಬಂದ. ಸಿಟ್ಟಾಗುವ ಜಾತಿಯ ಮನುಷ್ಯನೇ ಅಲ್ಲ ಅವನು. ಹೌದು ಅಕ್ಕಾರ, ಇಷ್ಟು ವರ್ಷ ಇದಕ್ಕೆ ಬೊಟ್ಟಿಡುವವರೇ ಸಿಕ್ಕಿರಲಿಲ್ಲ ಎಂದು ನಗುತ್ತ, ಕಿಸೆಯ ಕರವಸ್ತ್ರದಿಂದ ಗಾಜನ್ನು ಮೆಲ್ಲಗೆ ಒರೆಸಿದ. ಕ್ಯಾಮರಾದ ಹಿಂದಿನ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದ. ಆ ಕಿಂಡಿಯಲ್ಲಿ ಕಾಣುವುದು ಹೆಬ್ಬೆರಳಿನಷ್ಟು ಚಿತ್ರ, ಅದೂ ಕರಿ-ಬಿಳಿ. ಎಲ್ಲ ಸರಿ ಇದೆ ಎಂದ.

ಕಾರ್ಯ ಸುರುವಾಯಿತು. ಹೆಂಗಸರು ಹಾಡಿದರು. ಕೂಸಿನ ಸೋದರತ್ತೆ ತೊಟ್ಟಿಲಿನೊಳಗೆ ತಲೆ ಹಾಕಿ, ಕುರ್ರ್ ಎಂದು ಕಿವಿಯಲ್ಲಿ ಹೆಸರು ಹೇಳಿದಳು, ಗೌರಿ ಎಂದು. ನನ್ನ ಅವ್ವನ ಹೆಸರು ಗೌರವ್ವ. ಹೆಸರು ಹೇಳಿದವಳ ಬೆನ್ನಿಗೆ ಗುದ್ದುವುದು ನಮ್ಮ ಪದ್ಧತಿ. ಹೆಂಗಸರೆಲ್ಲ ಮುಗಿಬಿದ್ದು ಗುದ್ದಿದರು. ಎಷ್ಟು ವರ್ಷದ ಕಾಯುವಿಕೆಯ ಗುದ್ದುಗಳು ಅವು, ಪಾಪ ಆ ಹುಡುಗಿ ತೊಟ್ಟಿಲು ಹಿಡಿದುಕೊಂಡು ನಗುತ್ತ ಅಳುತ್ತ ನಿಂತಿದ್ದಳು. ಹುಸೇನಸಾಬ ಮಗ್ಗದ ಮೇಲೆ ಹತ್ತಿ, ಕುಣಿಗೆ ಇಳಿದು, ಬೆವರುತ್ತ ಎಲ್ಲವನ್ನೂ ಹಿಡಿದ. ಆಮೇಲೆ ಈರವ್ವ ಬಗ್ಗಿ ತೊಟ್ಟಿಲು ತೂಗಿದಳು, ಜೋಗುಳ ಹೇಳಿದಳು. ಅದನ್ನೂ ಹಿಡಿದ.

ಮುಂದಿನ ವಾರ ಅವನು ಕ್ಯಾಮರಾ ಹೆಗಲಿಗೆ ಹಾಕಿಕೊಂಡೇ ಬಂದು, ತಾನೂ ಇನ್ನೂ ನೋಡಿರದ ಟೇಪು ಕೊಟ್ಟ. ನಾವು ಟಿವಿ, ವಿಸಿಆರ್ ಎರಡನ್ನೂ ಬಾಡಿಗೆಗೆ ತಂದು ಮಗ್ಗದ ಕೋಣೆಯಲ್ಲಿ ಇಟ್ಟೆವು. ಓಣಿಯೆಲ್ಲ ಬಂದು ಕೂತಿತು. ಕಲ್ಲಿನ ಸಾಹುಕಾರರೂ ಬಂದರು. ತಿರುಗಣಿಯ ಗುಟ್ಟು ಕಲಿತ ನಾನು ಟಿವಿಯ ಹತ್ತಿರವೇ ನಿಂತುಕೊಂಡೆ. ಟೇಪು ತಿರುಗಿತು.

ಚಿತ್ರ ಬಂತು. ಬಂತು ಅನ್ನಬೇಕೋ ಬರಲಿಲ್ಲ ಅನ್ನಬೇಕೋ. ಎಣ್ಣೆ ಹಚ್ಚಿದ ಕಾಗದದ ಆಚೆಯಿಂದ ನೋಡಿದ ಹಾಗಿತ್ತು. ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆ ಅದು, ಕರವಸ್ತ್ರಕ್ಕೆ ಹೋಗುತ್ತದೆಯೇ? ಬೊಟ್ಟು ಹೋಗಿತ್ತು, ಜಿಡ್ಡು ಗಾಜಿನ ತುಂಬ ಹರಡಿಕೊಂಡಿತ್ತು. ಯಾರ ಮುಖವೂ ಗುರುತು ಹತ್ತಲಿಲ್ಲ. ಬೆನ್ನಿಗೆ ಗುದ್ದಿದವರು ಯಾರು, ಗುದ್ದಿಸಿಕೊಂಡವಳು ಯಾರು ತಿಳಿಯಲಿಲ್ಲ. ಕೂಸು ಒಂದು ಬೆಳ್ಳನೆಯ ಉಂಡೆಯಾಗಿತ್ತು. ನಾನು ತಿರುಗಣಿ ತಿರುಗಿಸಿದೆ. ತಿರುಗಿಸಿದಷ್ಟೂ ಬಣ್ಣ ಬದಲಾಯಿತು, ಮುಖ ಬರಲಿಲ್ಲ. ಓಣಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾನು ಯಾವುದು ಆಗಬಾರದೆಂದು ಊರೂರು ತಿರುಗಿದ್ದೆನೋ ಅದೇ ಆಗಿತ್ತು. ಸಾಲಿನಲ್ಲಿ ನಿಂತ ಹೆಂಗಸರು, ಮುಖದ ಜಾಗದಲ್ಲಿ ಹೊಗೆ.

ಈರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನನ್ನ ಕೈಯಾರ ಕೆಡಿಸಿದೆ ಎಂದಳು. ಹುಸೇನಸಾಬ, ಇಲ್ಲ ಅಕ್ಕಾರ, ಬೊಟ್ಟಿನ ತಪ್ಪಲ್ಲ, ನನ್ನ ಕರವಸ್ತ್ರದ ತಪ್ಪು ಎಂದ. ಇವಳು ನಂದು ಅನ್ನುತ್ತಾಳೆ, ಅವನು ನಂದು ಅನ್ನುತ್ತಾನೆ. ಅಷ್ಟರಲ್ಲಿ ಟೇಪಿನಲ್ಲಿ ಜೋಗುಳ ಸುರುವಾಯಿತು.

ದನಿ ಮಾತ್ರ ತಿಳಿಯಾಗಿತ್ತು. ಬಲಗಡೆಯಿಂದ ಒಂದು ಕೆಂಪು ಬಂತು. ಜಿಡ್ಡಿನಲ್ಲಿ ಅದು ಸೀರೆಯ ಅಂಚು ದಾಟಿ, ದೀಪದ ಸುತ್ತ ಬೆಳಕು ಇರುವ ಹಾಗೆ, ಸುತ್ತಲೂ ಹರಡಿಕೊಂಡಿತ್ತು. ಆ ದೊಡ್ಡ ಕೆಂಪು ಮೆಲ್ಲಗೆ ಬಗ್ಗಿತು. ಬಗ್ಗಿ ಬಗ್ಗಿ ತೊಟ್ಟಿಲಿನ ಮೇಲೆ ಬಂದು ಟಿವಿಯನ್ನೆಲ್ಲ ತುಂಬಿತು. ಅದಕ್ಕೆ ಮುಖ ಇರಲಿಲ್ಲ.

ನನ್ನ ಕೈ ತಿರುಗಣಿಯ ಮೇಲೆಯೇ ನಿಂತಿತು. ಅಪ್ಪನಿಗೆ ಎಷ್ಟು ಸಲ ಹೇಳಿದರೂ ತಿಳಿಸಲಾಗದೆ ಹೋದದ್ದು, ಈರವ್ವನಿಗೂ ಸರಿಯಾಗಿ ಹೇಳಲು ಬಾರದೆ ಬಿಟ್ಟದ್ದು, ನನ್ನೆದುರಿಗೆ ಗಾಜಿನ ಪೆಟ್ಟಿಗೆಯಲ್ಲಿ ಬಗ್ಗುತ್ತಿತ್ತು.

ಹುಸೇನಸಾಬ ಟೇಪು ನಿಲ್ಲಿಸಲು ಕೈಚಾಚಿದ. ನಾನು ಅವನ ಕೈ ಹಿಡಿದೆ. "ನಿಂದರಸಬ್ಯಾಡೋ ಹುಸೇನಣ್ಣ. ಇನ್ನೊಮ್ಮೆ ಹಚ್ಚು."

ಇನ್ನೊಮ್ಮೆ ಹಚ್ಚಿದ. ಮತ್ತೊಮ್ಮೆಯೂ ಹಚ್ಚಿದ. ಜನ ಒಬ್ಬೊಬ್ಬರೇ ಎದ್ದುಹೋದರು. ಮುದುಕನಿಗೆ ದುಃಖವಾಗಿದೆ ಎಂದುಕೊಂಡಿರಬೇಕು. ಈರವ್ವ ಹತ್ತಿರ ಬಂದು ಕೂತು ಟಿವಿಯನ್ನೂ ನನ್ನನ್ನೂ ನೋಡಿದಳು.

"ಅತ್ತಿ ಹಿಂಗ ಇದ್ರೇನ್ರಿ?" ಎಂದು ಕೇಳಿದಳು.

ನಾನು ಹೂಂ ಅಂದೆ.

ಹುಸೇನಸಾಬ ಬಿಡಲಿಲ್ಲ. ಆ ಸಂಜೆಯೇ ಗಾಜನ್ನು ಸ್ಪಿರಿಟ್ಟಿನಿಂದ ತಿಕ್ಕಿ ತೊಳೆದು, ಧೋತರಗಳನ್ನು ಮತ್ತೆ ಕಟ್ಟಿಸಿ, ಕೂಸನ್ನೂ ಅಜ್ಜಿಯನ್ನೂ ಹೊಸ ಟೇಪಿನಲ್ಲಿ ಹಿಡಿದುಕೊಟ್ಟ. ಅದರಲ್ಲಿ ಎಲ್ಲ ಇದೆ. ಈರವ್ವನ ಮೂಗುತಿ, ಕೂಸಿನ ಆಕಳಿಕೆ, ನನ್ನ ಬೋಳುತಲೆ, ಸೆರಗಿನ ಬಿಳಿ ತೆನೆಗಳನ್ನು ಬೇಕಾದರೆ ಎಣಿಸಬಹುದು. ಕೆಂಪು ಕೆಂಪಾಗಿಯೇ ಇದೆ. ಬಾಕಿ ತೀರಿತು ಅಣ್ಣಾರ ಎಂದು ಹೇಳಿ ಹುಸೇನಸಾಬ ಬಸ್ಸು ಹತ್ತಿದ. ಮೊಮ್ಮಗಳಿಗೆ ಆ ಟೇಪು. ಅದನ್ನು ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಜಿಡ್ಡು ಹತ್ತಿದ್ದು ನನ್ನದು, ದಿಂಬಿನ ಹತ್ತಿರ ಇರುತ್ತದೆ.

ಮುಚ್ಚಳ ಗೂಡಿನಲ್ಲೇ ಉಳಿದುಬಿಟ್ಟಿತ್ತು. ಕಳಿಸಿಕೊಡಲೇ ಎಂದು ಹೇಳಿಕಳಿಸಿದರೆ, ಅಕ್ಕಾರ ಡಬ್ಬಿಗೆ ಇರಲಿ, ನಾನು ಬೇರೆ ಮಾಡಿಕೊಂಡಿದ್ದೇನೆ ಎಂದು ಹೇಳಿಕಳಿಸಿದ.

ಇವತ್ತು ಬೆಳಿಗ್ಗೆಯ ಮಾತು ಹೇಳುತ್ತಿದ್ದೆ. ಗೌರಿ ಆ ಮುಚ್ಚಳವನ್ನು ತಲೆಯ ಮೇಲೆ ಟೊಪ್ಪಿಗೆಯ ಹಾಗೆ ಇಟ್ಟುಕೊಂಡು ಬಂದಳು. ನಾನು ಕಣ್ಣಿಗೆ ಚಾಳೀಸು ಹಾಕಿಕೊಂಡು ಎಳೆ ಜೋಡಿಸುತ್ತಿದ್ದೆ. ಲಾಳಿ ನಿಂತದ್ದು ಯಾಕೆ ಎಂದು ನೋಡಲು ಬಂದಿರಬೇಕು. ಕುಣಿಯ ಅಂಚಿನಲ್ಲಿ ಕೂತು, ಬಗ್ಗಿ, ನನ್ನ ಮುಖವನ್ನು ಹತ್ತಿರದಿಂದ ನೋಡಿದಳು. ಇನ್ನೊಂದು ಕೈಯಲ್ಲಿ ಡಬ್ಬಿ ಇತ್ತು. ನಾನು ಏನೆಂದು ಕೇಳುವಷ್ಟರಲ್ಲಿ ಬೆರಳನ್ನು ಕಾಡಿಗೆಯಲ್ಲಿ ಅದ್ದಿ, ನನ್ನ ಚಾಳೀಸಿನ ಗಾಜಿನ ನಡುವೆ ದುಂಡಗೆ ಇಟ್ಟಳು.

"ಅಜ್ಜಾ, ಭಾಳ ನೋಡ್ತೀ ನೀ ನನ್ನ," ಎಂದಳು.

ಅಜ್ಜಿಯ ಮೊಮ್ಮಗಳು. ನೋಡುವುದು ನನ್ನ ತಪ್ಪು, ನೋಡಿಸಿಕೊಳ್ಳುವಷ್ಟು ಚಂದ ಇರುವುದು ಅವಳ ತಪ್ಪಲ್ಲ. ಈರವ್ವ ಒಳಗಿನಿಂದ ನಗುತ್ತ ಬಂದು, ತರ್ರಿ ಇಲ್ಲಿ, ಒರೆಸಿ ಕೊಡುತ್ತೇನೆ ಎಂದು ಸೆರಗಿನ ತುದಿ ಹಿಡಿದಳು. ನಾನು ಕೊಡಲಿಲ್ಲ. ಒರೆಸಿದರೆ ಏನಾಗುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ.

ಬೊಟ್ಟು ಹಾಗೆಯೇ ಇದೆ. ಅದರ ಮಗ್ಗುಲಿನಿಂದಲೇ ಇಷ್ಟೂ ಬರೆದಿದ್ದೇನೆ. ತಲೆ ಸ್ವಲ್ಪ ವಾರೆ ಮಾಡಿದರೆ ಅಕ್ಷರ ಕಾಣುತ್ತದೆ. ಇನ್ನೂ ಸ್ವಲ್ಪ ವಾರೆ ಮಾಡಿದರೆ ಗೌರಿಯೂ ಕಾಣುತ್ತಾಳೆ, ಅಜ್ಜಿಯ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು, ಕೆಂಪಗೆ.